ಬ್ಯಾಟ್ರಿ ಕೇಳಿದವಳಿಗೆ ಎರಡು ಶೆಲ್ಲು

ಹಳೆಯ ಟಾರ್ಚನ್ನು ಬಿಚ್ಚುವಾಗ ಮೂಗನ್ನು ತುಸು ಹಿಂದಕ್ಕಿಟ್ಟುಕೊಳ್ಳುವುದು ಒಳ್ಳೆಯದು. ಶೆಲ್ಲುಗಳನ್ನು ಒಳಗೇ ಮರೆತಿದ್ದರಂತೂ ಅವು ಸೋರಿ, ಉಬ್ಬಿ, ಸ್ಪ್ರಿಂಗಿನ ಸುತ್ತ ಬಿಳಿಯ ಪುಡಿಯಾಗಿ ಗಟ್ಟಿಕಟ್ಟಿ ಕೂತಿರುತ್ತವೆ. ವಿನೆಗರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ತಿಕ್ಕಿ ತೆಗೆಯಬೇಕು. ಕಾರವಾರದ ನಮ್ಮ ಮನೆಯ ಹಿತ್ತಿಲ ಮೆಟ್ಟಿಲಿನ ಮೇಲೆ ಕೂತು ಒಂದು ತಿಂಗಳಿಂದ ನಾನು ಮಾಡುತ್ತಿರುವುದು ಇದನ್ನೇ. ನಿವೃತ್ತಳಾದ ವಿಜ್ಞಾನದ ಶಿಕ್ಷಕಿಗೆ ಬೇರೆ ಕೆಲಸ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ತಂಗಿ ಕೇಳಿಯೇಬಿಟ್ಟಳು.

ಟಾರ್ಚು ಕೂಡಿಸುವ ಈ ಹುಚ್ಚು ನನಗೆ ಹತ್ತಿದ್ದು ಅವರ್ಸಾದ ಹೈಸ್ಕೂಲಿನಲ್ಲಿ ಕೆಲಸಕ್ಕಿದ್ದಾಗ. ನಿಕ್ಕಲ್ ಮೆರುಗಿನ ಮೂರು ಶೆಲ್ಲಿನದು, ಹಿತ್ತಾಳೆಯ ಕೊರಳಿನದು, ಪೆನ್ನಿನಷ್ಟು ತೆಳ್ಳಗಿನದು, ಯಾರೋ ಹಡಗಿನವರು ಬಿಟ್ಟುಹೋದ ರಬ್ಬರು ಕವಚದ್ದು, ಹೀಗೆ ಒಂದು ಗಾಜಿನ ಕಪಾಟು ತುಂಬಿತ್ತು. ಆಮೇಲೆ ಇಪ್ಪತ್ತು ವರ್ಷ ಅವೆಲ್ಲ ಟ್ರಂಕಿನಲ್ಲಿ ಮಲಗಿದವು. ಮೊನ್ನೆ ಪೇಟೆಯ ಅಂಗಡಿಯೊಂದರಲ್ಲಿ ಹೆಬ್ಬೆರಳುದ್ದದ ಹೊಸ ಟಾರ್ಚು ಕಂಡು ಕೈ ತುರಿಸಿತು ನೋಡಿ, ಒಂದು ಹೋಗಿ ನಾಲ್ಕಾಯಿತು, ಟ್ರಂಕು ಅಟ್ಟದಿಂದ ಇಳಿಯಿತು, ಟಾರ್ಚುಪ್ರಿಯರ ವಾಟ್ಸಾಪ್ ಗುಂಪಿಗೂ ಸೇರಿಕೊಂಡೆ. ಅಲ್ಲೊಬ್ಬರು ವಿನಯದಿಂದ ಕೇಳಿದರು: ಇಷ್ಟು ಚಂದದ ಸಂಗ್ರಹವನ್ನು ನಡುವೆ ಏಕೆ ಬಿಟ್ಟಿರಿ, ಮೇಡಂ? ‘ವರ್ಗವಾಯಿತು’ ಎಂದು ಬರೆದೆ. ಹನ್ನೊಂದು ಜನ ಹೆಬ್ಬೆರಳೆತ್ತಿ ಒಪ್ಪಿಕೊಂಡರು. ನಾನು ಹೇಳಿದ್ದು ಶುದ್ಧ ಸುಳ್ಳು.

ನಿಜ ಹೇಳುವ ಮೊದಲು ಒಂದು ಶಬ್ದದ ವಿಚಾರ ಹೇಳಬೇಕು. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುತ್ತಾರೆ, ಅದರೊಳಗೆ ತುಂಬುವುದಕ್ಕೆ ಶೆಲ್ಲು. ಕೊಂಕಣಿ ಮಾತಾಡುವ ನಮ್ಮ ಮನೆಯಲ್ಲಿ ಅಮ್ಮ ಕರೆಂಟು ಹೋದೊಡನೆ “ಬ್ಯಾಟರಿ ಹಾಡ್” ಎಂದು ಕೂಗಿದರೆ ನಾನು ಓಡಿಹೋಗಿ ತಂದುಕೊಡುತ್ತಿದ್ದದ್ದು ಟಾರ್ಚನ್ನೇ. ಆದರೆ ಬಿ.ಎಡ್. ಮುಗಿಸಿ, ಕೈಗೆ ಸೀಮೆಸುಣ್ಣ ಬಂದ ಮೇಲೆ ಅಮ್ಮನ ಮಾತೂ ನನಗೆ ಅಶುದ್ಧವಾಯಿತು. ಬ್ಯಾಟರಿಯೆಂದರೆ ಶುಷ್ಕಕೋಶ, ಟಾರ್ಚೆಂದರೆ ಟಾರ್ಚು ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದೆ. ಶುಷ್ಕವಾಗಿದ್ದದ್ದು ಕೋಶವೊಂದೇ ಅಲ್ಲವೆಂದು ಈಗ ಅನಿಸುತ್ತದೆ.

ಬೇಲೆಕೇರಿಯ ದೇವಕಿ ದಿನಾ ಬುಟ್ಟಿ ಹೊತ್ತು ಅವರ್ಸಾಕ್ಕೆ ಮೀನು ಮಾರಲು ಬರುತ್ತಿದ್ದವಳು. ಒಂದು ಆಷಾಢದ ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಮ್ಮ ಜಗಲಿಗೆ ಬಂದು ನಿಂತಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಕ್ಕೋರೆ, ಬಸ್ಸು ಬರ್ಲಿಲ್ಲ. ಗಜನಿ ಕಟ್ಟಿನ ಮೇಲಿಂದ ನಡೆದೇ ಹೋಗ್ಬೇಕು, ಕತ್ಲೆ ಆಗ್ತೇ ಬಂತು. ನಿಮ್ದೊಂದು ಬ್ಯಾಟ್ರಿ ಕೊಡ್ತ್ರಾ? ನಾಳೆ ಮೀನು ತರೂ ಹೊತ್ತಿಗೆ ತಂದ್ಕೊಡ್ತೆ.”

ಗಜನಿ ಕಟ್ಟು ಎಂದರೆ ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಮಣ್ಣಿನ ದಂಡೆ; ಮಳೆಯಲ್ಲಿ ಅದರ ಮೇಲೆ ಹಗಲೇ ಕಾಲು ನಿಲ್ಲುವುದಿಲ್ಲ. ನನಗೆ ಅದು ಗೊತ್ತಿತ್ತು. ಅವಳು ಕೇಳಿದ್ದು ಏನೆಂಬುದೂ ಗೊತ್ತಿತ್ತು. ನಾನು ಅವಳ ಕೈಗಳನ್ನು ನೋಡಿದೆ. ಬೆರಳ ಸಂದಿಯಲ್ಲಿ ಬಂಗಡೆಯ ಹೊಳಪು ಅಂಟಿತ್ತು. ನನ್ನ ನಿಕ್ಕಲ್ ಮೆರುಗಿನ ಮೇಲೆ ಆ ಕೈಯೇ ಎಂದು ಮನಸ್ಸು ಹಿಂಜರಿಯಿತು. ಅಯ್ಯೋ, ಆ ಮಧ್ಯಾಹ್ನ ಅದೇ ಕೈಯಿಂದ ತೆಗೆದುಕೊಂಡ ಬಂಗಡೆಯನ್ನು ಬಾಯಿ ಚಪ್ಪರಿಸಿ ತಿಂದಿದ್ದೆನಲ್ಲ! ಕೊಡುವುದಿಲ್ಲ ಎನ್ನುವಷ್ಟು ಧೈರ್ಯವೂ ನನಗಿರಲಿಲ್ಲ. ಒಳಗೆ ಹೋದೆ, ಮೇಜಿನ ಖಾನೆಯಿಂದ ಎರಡು ಹೊಸ ಶೆಲ್ಲು ತೆಗೆದೆ, ಪೇಪರಿನಲ್ಲಿ ಸುತ್ತಿ ಅವಳ ಕೈಗಿಟ್ಟು, “ತಗೋ ದೇವಕಿ, ಬ್ಯಾಟರಿ. ವಾಪಸ್ ಬೇಡ” ಎಂದೆ. ಎಂಥ ಉದಾರಿ ನೋಡಿ ನಾನು!

ಅವಳು ಪೊಟ್ಟಣ ಬಿಚ್ಚಿ ನೋಡಿದಳು. ನನ್ನ ಮುಖ ನೋಡಿದಳು. ಪೊಟ್ಟಣವನ್ನು ಮತ್ತೆ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಆಯ್ತು ಅಕ್ಕೋರೆ” ಎಂದು ಮೆಟ್ಟಿಲಿಳಿದಳು. ನಾಲ್ಕು ದಿನದ ಮೇಲೆ ಬೇರೊಬ್ಬ ಹೆಂಗಸು ಮೀನು ತಂದಳು. ದೇವಕಿ ಕಟ್ಟಿನ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ಇನ್ನು ಬುಟ್ಟಿ ಹೊರುವುದು ಸಂಶಯ ಎಂದಳು. ನಾನು ಆ ದಿನ ಮೀನು ತೆಗೆದುಕೊಳ್ಳಲಿಲ್ಲ. ಅವಳನ್ನು ನೋಡಲಿಕ್ಕೂ ಹೋಗಲಿಲ್ಲ. ಕಪಾಟಿನ ಟಾರ್ಚುಗಳನ್ನೆಲ್ಲ, ಶೆಲ್ಲು ತೆಗೆಯುವಷ್ಟೂ ವ್ಯವಧಾನವಿಲ್ಲದೆ, ಟ್ರಂಕಿಗೆ ತುಂಬಿ ಬೀಗ ಹಾಕಿದೆ. ವರ್ಗವಾದದ್ದು ಅದಾಗಿ ಒಂದೂವರೆ ವರ್ಷಕ್ಕೆ.

ಟಾರ್ಚು ಕೂಡಿಸುವವರು ಬೆಳಕನ್ನು ಪ್ರೀತಿಸುವವರೆಂದು ಆ ಗುಂಪಿನಲ್ಲಿ ದಿನಕ್ಕೊಬ್ಬರು ಬರೆಯುತ್ತಾರೆ. ನನ್ನ ಮಟ್ಟಿಗೆ ಇದು ಸುಳ್ಳು. ಬೆಳಕನ್ನು ಕೂಡಿಡಲು ಬರುವುದಿಲ್ಲ. ನಾನು ಕೂಡಿಟ್ಟದ್ದು ಬೆಳಕಿನ ಡಬ್ಬಿಗಳನ್ನು. ಆ ಕಪಾಟಿನ ಒಂದೇ ಒಂದು ಟಾರ್ಚೂ ಯಾರ ಕಾಲಿನ ಮುಂದೆಯೂ ಬೆಳಕು ಚೆಲ್ಲಿರಲಿಲ್ಲ, ನನ್ನದರ ಮುಂದೆ ಕೂಡ. ಗೀರು ಬಿದ್ದೀತೆಂಬ ಭಯಕ್ಕೆ ನಾನೇ ಮನೆಯೊಳಗೆ ಮೇಣದಬತ್ತಿ ಹಿಡಿದು ಓಡಾಡುತ್ತಿದ್ದೆ. ಶಬ್ದಗಳ ವಿಷಯದಲ್ಲೂ ನನ್ನ ನಡತೆ ಹೀಗೆಯೇ ಇತ್ತು. ಶುದ್ಧವಾದ ಅರ್ಥವನ್ನು ಜತನದಿಂದ ಇಟ್ಟುಕೊಂಡೆ, ಬೇಕಾದಾಗ ಅದರ ಹಿಂದೆ ಅಡಗಿ ಕೂತೆ. ನಾಚಿಕೆಯೆಂಬುದು ವರ್ಷ ಕಳೆದಂತೆ ಸವೆಯುತ್ತದೆ ಎಂದುಕೊಂಡಿದ್ದೆ. ಸವೆಯುವುದಿಲ್ಲ ಮಾರಾಯರೆ.

ಗುಂಪಿನಲ್ಲಿ ಸುಳ್ಳು ಬರೆದ ವಾರದ ನಂತರ, ಮೂರು ಶೆಲ್ಲಿನ ಆ ನಿಕ್ಕಲ್ ಟಾರ್ಚನ್ನು ಉಜ್ಜಿ ಬೆಳಗಿಸಿ, ಚೀಲದಲ್ಲಿಟ್ಟುಕೊಂಡು ಬೇಲೆಕೇರಿಗೆ ಹೋದೆ. ಕೊಟ್ಟು, ನಿಜ ಹೇಳಿ, ಬೈದರೆ ಬೈಸಿಕೊಂಡು ಬರುವುದೆಂದು ನಿಶ್ಚಯಿಸಿದ್ದೆ. ದೇವಕಿ ಅಂಗಳದ ಚಾಪೆಯ ಮೇಲೆ ಸೀಗಡಿ ಒಣಹಾಕುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡದ್ದೇ ಎದ್ದು ಬಂದಳು. ಎಡಗಾಲನ್ನು ಎಳೆದು ಹಾಕುತ್ತಾಳೆ. “ಯಬಾ, ಅಕ್ಕೋರು! ಈ ಬದಿಗೆ ಹೆಂಗೆ ಬಂದ್ರಿ?” ಎಂದು ಕೈ ಹಿಡಿದು ಕೂರಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವಳ ಸೊಸೆ ಲತಾ ಕೂಗಿದಳು.

“ಅತ್ತೆ, ಟಾರ್ಚು ಎಲ್ಲಿಟ್ರಿ? ಮಂಚದಡಿಗೆ ಬೆಕ್ಕು ಮರಿ ಹಾಕಿದಂಗೆ ಕಾಣ್ತದೆ.”

ಟಾರ್ಚು! ಬೇಲೆಕೇರಿಯ ಮನೆಯೊಂದರಲ್ಲಿ ಆ ಶಬ್ದ ಕೇಳಿ ನಾನು ಬೆಚ್ಚಿದೆ. ಚೀಲದಿಂದ ನನ್ನದನ್ನು ತೆಗೆದು ದೇವಕಿಗೆ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ತಿರುಗಿಸಿ ನೋಡಿ, ನಗತೊಡಗಿದಳು.

“ನಮ್ಮನೇಲಿ ಎಲ್ಲರೂ ಟಾರ್ಚು ಅಂತ್ಲೇ ಹೇಳೂದು, ಅಕ್ಕೋರೆ. ನಾನೇ ಕಲ್ಸಿದ್ದು. ಆವತ್ತು ನಿಮ್ಮ ಹತ್ರ ತಪ್ಪು ಹೆಸ್ರು ಹೇಳಿ ಕೇಳ್ದೆ, ನೀವು ಕೇಳಿದ್ದನ್ನೇ ಕೊಟ್ರಿ. ಮತ್ತೆ ಕೇಳೂಕೆ ನಾಚ್ಕೆ ಆಯ್ತು. ಕಲ್ತವ್ರ ಎದ್ರಿಗೆ ಸರಿಯಾಗಿ ಮಾತಾಡೂಕೆ ಬರ್ದಿದ್ರೆ ಕಾಲೇ ಹೋಗ್ತದೆ ಅಂತ ಮಕ್ಕಳಿಗೆ, ಸೊಸೆಗೆ, ಎಲ್ಲರಿಗೂ ಹೇಳಿಟ್ಟಿದ್ದೆ.”

ಬೈಗುಳಕ್ಕೆ ತಯಾರಾಗಿ ಹೋದವಳು ನಾನು, ಇದಕ್ಕಲ್ಲ. ಇಷ್ಟು ವರ್ಷ ಆ ತಪ್ಪನ್ನು ಅವಳು ತನ್ನದೆಂದು ಹೊತ್ತುಕೊಂಡು ಕುಂಟಿದ್ದಾಳೆ. ಸುಮ್ಮನಿದ್ದು ಎದ್ದುಬಂದರೆ ಅವಳ ಪ್ರೀತಿ ನನಗೆ ಉಳಿಯುತ್ತಿತ್ತು. ಒಂದು ಕ್ಷಣ, ಸುಳ್ಳು ಹೇಳುವುದಿಲ್ಲ, ಹಾಗೆಯೇ ಮಾಡೋಣ ಎಂದೂ ಅನಿಸಿತು.

“ದೇವಕಿ, ನೀನು ಕೇಳಿದ್ದು ಟಾರ್ಚು ಅಂತ ನನಗೆ ಗೊತ್ತಿತ್ತು. ಕೊಡಲಿಕ್ಕೆ ಮನಸ್ಸಿರಲಿಲ್ಲ. ಬೇಕಂತಲೇ ಶೆಲ್ಲು ಕೊಟ್ಟೆ.”

ಅವಳ ನಗು ನಿಂತಿತು. ಟಾರ್ಚನ್ನು ಮಡಿಲಲ್ಲಿಟ್ಟುಕೊಂಡು, ಚಾಪೆಯ ಮೇಲಿನ ಸೀಗಡಿಯನ್ನು ಎರಡು ಸಲ ಕೈಯಾಡಿಸಿ ಹರಡಿದಳು.

“ಹಂಗಾರೆ ನಾ ಸರಿಯಾಗೇ ಕೇಳಿದ್ದೆ,” ಎಂದಳು.

ನಾನು ತಲೆಯಾಡಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ. ಒಳಕ್ಕೆ ಮುಖ ಮಾಡಿ, “ಲತಾ, ಬಾ ಇಲ್ಲಿ. ಬ್ಯಾಟ್ರಿ ತಗಂಡೋಗು” ಎಂದು ಕೂಗಿದಳು.

“ಎಂತದು ಅತ್ತೆ?”

“ಬ್ಯಾಟ್ರಿ!” ಎಂದಳು ದೇವಕಿ, ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವಷ್ಟು ಗಟ್ಟಿಯಾಗಿ.