ಎರಡು ದಿನದ ಖಾನಾವಳಿ

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ನನ್ನದೇ ಫೋಟೊ ನೋಡಿ ಅಲ್ಲೇ ನಿಂತುಬಿಟ್ಟೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಜೋಳದ ರೊಟ್ಟಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ವಿಜಯಪುರದಿಂದ ನೇರವಾಗಿ ನಿಮ್ಮೂರಿಗೆ! ಶನಿವಾರ, ಭಾನುವಾರ ಮಾತ್ರ’ ಎಂದಿತ್ತು. ನೇರವಾಗಿಯಂತೆ! ನಾನು ಬಂದದ್ದು ಹರಿಹರದಿಂದ, ತುಂಬಿದ ಬಸ್ಸಿನಲ್ಲಿ, ಹಿಟ್ಟಿನ ಡಬ್ಬಿ ಕಾಲ ಸಂದಿಯಲ್ಲಿಟ್ಟುಕೊಂಡು. ಹರಿಹರಕ್ಕೆ ಬಂದು ಎಷ್ಟು ಕಾಲವಾಯಿತೆಂದರೆ ಇಲ್ಲೇ ಹುಟ್ಟಿದ ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ.

ಸಿಂದಗಿ, ಇಂಡಿ ಕಡೆಯ ನನ್ನ ಮಂದಿ ಫೋನು ಮಾಡಿದಾಗಲೆಲ್ಲ ಕೇಳುತ್ತಾರೆ, ಅಲ್ಲಿ ಆರಾಮ ಇದ್ದೀರಲ್ಲ ಎಂದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಇಲ್ಲಿನ ಕಾರ್ಖಾನೆಯೊಂದರ ಮೆಸ್ಸಿಗೆ ಅಡುಗೆಯವರಾಗಿ ಬಂದರು, ಹಿಂದಿನಿಂದ ನಾನು. ನಮ್ಮಲ್ಲಿ ಕೊಡ ಹಿಡಿದು ನೀರಿಗೆ ಕಾಯುತ್ತಿದ್ದೆವು; ಇಲ್ಲಿ ಊರಿನ ಸುತ್ತ ಭತ್ತದ ಗದ್ದೆಯಲ್ಲಿ ನೀರು ನಿಂತೇ ಇರುತ್ತದೆ, ಸಂಜೆಯಾದರೆ ಸೊಳ್ಳೆ ಎತ್ತಿಕೊಂಡು ಹೋಗುವಷ್ಟಿರುತ್ತವೆ. ಮಾತೇನೋ ಕನ್ನಡವೇ. ಆದರೆ ನಮ್ಮ ‘ಅದ’ ಇಲ್ಲಿ ‘ಐತೆ’, ನಮ್ಮ ಚುರಮುರಿ ಇಲ್ಲಿ ಮಂಡಕ್ಕಿ. ಶೇಂಗಾ ಹಿಂಡಿ ಬೇಕೇ ಎಂದು ಊಟಕ್ಕೆ ಕೂತವರನ್ನು ಕೇಳಿದರೆ ಅವರು ಮುಖ ಮುಖ ನೋಡಿಕೊಂಡರು. ಹಿಂಡಿ ಎಂದರೆ ಇವರಿಗೆ ದನಕ್ಕೆ ಹಾಕುವ ಮೇವು. ಚಟ್ನಿಪುಡಿ ಎನ್ನಬೇಕಿತ್ತು.

ಆ ಹೊತ್ತಿಗೆ ಮೆಸ್ಸಿನ ಕೆಲಸ ಬಿಟ್ಟು, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಖಾನಾವಳಿ ತೆರೆದಿದ್ದೆವು. ಮೊದಲ ವಾರ ಬಂದವರಲ್ಲಿ ಹರಿಹರದಾಚೆಯ ನಂದಿಗುಡಿ ಹಳ್ಳಿಯ ಬಸವರಾಜಪ್ಪನವರೂ ಒಬ್ಬರು. ಗದ್ದೆ ಉಳ್ಳವರು, ಅನ್ನದ ಮಂದಿ. ರೊಟ್ಟಿಯನ್ನು ಮುರಿದು, ತಿರುಗಿಸಿ ನೋಡಿ, ಅನ್ನ ಇಲ್ಲದಿದ್ದರೆ ಉಂಡಂಗಾಗಲ್ಲ ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ಬಡಿದ ರೊಟ್ಟಿ ಇವರ ಕಣ್ಣಿಗೆ ಊಟವೇ ಅಲ್ಲವೇ? ಆದರೂ ಮರುದಿನದಿಂದ ಅನ್ನ ಇಟ್ಟೆ, ಖಾರ ಇಳಿಸಿದೆ. ಬರಬರುತ್ತಾ ಅವರು ಹರಿಹರಕ್ಕೆ ಬಂದರೆ ನಮ್ಮಲ್ಲಲ್ಲದೆ ಬೇರೆಡೆ ಉಣ್ಣದಂತಾದರು. ಹೊಸ ಅಕ್ಕಿ ಬಂದಾಗ ಚೀಲದಲ್ಲಿ ಒಂದಿಷ್ಟು ತಂದು ಕೊಡುವರು. ಜೊತೆಗೆ ಬಂದವರಿಗೆ ‘ಇದು ನಮ್ಮ ಖಾನಾವಳಿ’ ಎನ್ನುವರು. ನಾನು ಈ ಊರಿನವಳಾದೆ ಎಂದು ನಂಬಿದ್ದು ಆ ಮಾತಿನಿಂದ.

ಈಚೆಗೆ ದಾವಣಗೆರೆಯಲ್ಲಿ ಹೊಸದೊಂದು ಶುರುವಾಗಿದೆ. ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿ, ಬಣ್ಣದ ಬಲ್ಬು ಇಳಿಬಿಟ್ಟು, ಎರಡು ದಿನ ಹೋಟೆಲು ನಡೆಸಿ ಕಿತ್ತುಕೊಂಡು ಹೋಗುತ್ತಾರೆ. ಒಂದು ವಾರ ಕೇರಳದವರು, ಇನ್ನೊಂದು ವಾರ ರಾಜಸ್ಥಾನದವರು. ಇದಕ್ಕೆ ‘ಪಾಪ್-ಅಪ್’ ಎನ್ನುತ್ತಾರೆ. ಹರಿಹರದ ಹುಡುಗರೆಲ್ಲ ಬೈಕ್ ಹತ್ತಿ ಅಲ್ಲಿಗೇ. ಈಗೀಗ ಮನೆಮಂದಿಯೂ ಆಟೊ ಮಾಡಿಕೊಂಡು ಅಲ್ಲಿಗೇ. ಶನಿವಾರ ನಮ್ಮ ಬೆಂಚು ಖಾಲಿ, ಭಾನುವಾರ ಇನ್ನೂ ಖಾಲಿ. ದಿನಾ ಸಿಗುವ ರೊಟ್ಟಿ ಯಾರಿಗೆ ಬೇಕು, ಹಿತ್ತಲ ಗಿಡ ಮದ್ದಲ್ಲ. ಬಾಗಿಲು ಹಾಕಿ ಊರಿಗೆ ಹೋಗೋಣ ಎಂದರು ನಮ್ಮ ಮನೆಯವರು. ಯಾವ ಊರಿಗೆ? ಹೋದ ಸಲ ಹೋದಾಗ ನಾದಿನಿ ಚಾಪೆ ಹಾಸಿ, ಹರಿಹರದವರು ಬಂದಾರೆಂದು ಓಣಿಗೆಲ್ಲ ಹೇಳಿ, ಅತಿಥಿಗಳಿಗೆ ಇಡುವ ಹಾಗೆ ಚಹಾ ಇಟ್ಟಿದ್ದಳು. ನನಗೆ ಅಲ್ಲಿ ಒಲೆ ಇಲ್ಲ. ಇಲ್ಲಿನ ಒಲೆಯೂ ಆರಿದರೆ ಹೇಗೆ ಎಂದು ಹೆದರಿಕೆಯಾಯಿತು.

ಹಾಗಿರುವಾಗ ಶಿಲ್ಪಾ ಬಂದಳು. ದಾವಣಗೆರೆಯ ವ್ಯಾಪಾರಸ್ಥರ ಮನೆಯ ಹುಡುಗಿ, ತಮ್ಮ ಮನೆಯ ಪಕ್ಕದ ಸೈಟಿನಲ್ಲಿ ಈ ಎರಡು ದಿನದ ಹೋಟೆಲುಗಳನ್ನು ನಡೆಸುವವಳು. ನಮ್ಮಲ್ಲಿ ಉಂಡು, ಬೆರಳು ಚೀಪಿ, ಒಂದು ವಾರ ನಮ್ಮ ಸೈಟಿಗೆ ಬರ್ರಿ ಆಂಟಿ ಎಂದಳು. ನಾನು ಒಂದೇ ಆಸೆಯಿಂದ ಒಪ್ಪಿದೆ. ಅಲ್ಲಿ ಉಂಡವರು ಆಮೇಲೆ ಖಾನಾವಳಿ ಹುಡುಕಿಕೊಂಡು ಬಂದಾರು ಎಂದು. ಬೋರ್ಡಿನಲ್ಲಿ ಹರಿಹರದ ವಿಳಾಸ ಹಾಕು ಎಂದೆ. ಅವಳು ನಕ್ಕಳು, ಕೆಟ್ಟ ನಗುವಲ್ಲ.

“ಇಲ್ಲೇ ಇರ್ತೀವಿ ಅಂದ್ರೆ ಯಾರ್ ಬರ್ತಾರ್ರಿ ಆಂಟಿ? ನಾಳೆ ತಿಂದ್ರಾತು ಅಂತಾರೆ. ಹೋಗ್ಬಿಡ್ತೀವಿ ಅಂದ್ರೆ ಓಡಿ ಬರ್ತಾರೆ.”

ವಿಳಾಸದ ಮಾತು ಅಲ್ಲಿಗೇ ಬಿಟ್ಟೆ. ಬೆಂಚು ಖಾಲಿ ಇದ್ದದ್ದು ನಿಜ ತಾನೆ. ‘ಐತೆ’ ಅನ್ನಬ್ಯಾಡ್ರಿ, ನಿಮ್ಮೂರಿನ ಹಾಗೇ ಮಾತಾಡ್ರಿ, ಅನ್ನ ಬ್ಯಾಡ, ಖಾರ ಅಲ್ಲಿನಷ್ಟೇ ಇರಲಿ ಎಂದು ಹೇಳಿಕೊಟ್ಟಳು. ನನ್ನ ಊರನ್ನು ನನಗೇ ಹೇಳಿಕೊಟ್ಟಳು!

ಶನಿವಾರ ಖಾನಾವಳಿಯ ಬಾಗಿಲಿಗೆ ಬೀಗ ಹಾಕಿ ಹೋದೆವು. ಶಾಮಿಯಾನದ ಮುಂದೆ ಮಂದಿಯೋ ಮಂದಿ. ನಮ್ಮ ಬೀದಿಗೆ ಎಂದೂ ಕಾಲಿಡದವರು ತವೆಯ ಮುಂದೆ ನನ್ನ ಜೊತೆ ಸೆಲ್ಫಿ ತೆಗೆದುಕೊಂಡರು. ಎಣ್ಣೆಗಾಯಿಗೆ ಖಾರ ಸುರಿಯಲು ಹೋದರೆ ಕೈ ತಾನೇ ತಡೆಯಿತು, ಹರಿಹರದ ಅಳತೆಯೇ ಬಿತ್ತು. ಆದರೂ ಎಲ್ಲರೂ ‘ಇದು ನೋಡ್ರಿ ಅಸಲಿ’ ಎಂದರು. ವಿಜಯಪುರದಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಮಾತ್ರ ತಟ್ಟೆ ಇಡಲು ಬಂದಾಗ ತಗ್ಗಿದ ದನಿಯಲ್ಲಿ, “ಅಕ್ಕಾರ, ಇದು ನಮ್ಮ ಕಡೀ ಖಾರ ಅಲ್ರಿ,” ಎಂದು ಹೋದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ಭಾನುವಾರ ಸಂಜೆ ಸಾಲಿನಲ್ಲಿ ಬಸವರಾಜಪ್ಪನವರು ನಿಂತಿದ್ದರು. ಕೈಹಿಡಿದುಕೊಂಡು ಮೊಮ್ಮಗಳು. ನನ್ನನ್ನು ನೋಡಿ ಅವರ ಮುಖ ಅರಳಿತು, ಆಮೇಲೆ ಸಪ್ಪಗಾಯಿತು. ನಿನ್ನೆ ಹರಿಹರಕ್ಕೆ ಹೋಗಿದ್ದೆ, ಬೀಗ ಹಾಕಿತ್ತು, ಊರಿಗೆ ಹೋಗ್ಯಾರೆ ಅಂತ ಪಕ್ಕದಂಗಡಿಯವರು ಅಂದ್ರು, ನಿಜವೇನ್ರಮ್ಮ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಶಿಲ್ಪಾ, “ಹೌದ್ರಿ ಅಜ್ಜಾರೆ, ವಿಜಯಪುರದಿಂದ ಬಂದಾರೆ, ನಾಳೆ ಹೊಂಟ್ಬಿಡ್ತಾರೆ,” ಎಂದಳು. ಸಾಲಿನಲ್ಲಿದ್ದವರೆಲ್ಲ ಫೋನು ಹಿಡಿದು ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ನುಂಗಿದೆ. ಇನ್ನೊಮ್ಮೆ ಖಾನಾವಳಿಗೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಆದರೆ ಊರು ಬಿಟ್ಟವರ ಬಾಗಿಲಿಗೆ ಅವರಾದರೂ ಯಾಕೆ ಬಂದಾರು?

ಅವರು ನಿಂತೇ ಉಂಡರು. ಅನ್ನ ಕೇಳಲಿಲ್ಲ. ಕೈ ತೊಳೆದು ಬಂದು ಎರಡೂ ಕೈ ಜೋಡಿಸಿದರು.

“ಇಷ್ಟು ವರ್ಷ ಊಟ ಹಾಕೀರಿ. ಹೋಗೋದೇನೋ ಹೋದ್ರಿ, ನಮ್ಮೂರ್ನ ಮರೀಬ್ಯಾಡ್ರಮ್ಮ.”

“ಇಲ್ರಿ, ಮರೆಯಂಗಿಲ್ರಿ,” ಎಂದೆ.

ರಾತ್ರಿ ಪಾತ್ರೆ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಬಂದರೆ ಅವರೂ ಅಲ್ಲೇ ನಿಂತಿದ್ದರು. ಹರಿಹರದ ಬಸ್ಸು ಬಂತು. ನಂದಿಗುಡಿಗೆ ಹೋಗಲು ಅವರೂ ಅದನ್ನೇ ಹತ್ತಬೇಕು, ಮನೆಗೆ ಹೋಗಲು ನಾವೂ. ಮೊಮ್ಮಗಳನ್ನು ಕಿಟಕಿಯ ಪಕ್ಕ ಕೂರಿಸಿ ಅವರು ನಮ್ಮತ್ತ ಕೈಯೆತ್ತಿದರು. ನಾವು ಗಂಡ ಹೆಂಡತಿ ಪಾತ್ರೆಯ ಚೀಲಗಳನ್ನು ಬೆನ್ನ ಹಿಂದೆ ಸರಿಸಿಕೊಂಡು, ಆ ಬಸ್ಸು ಹೋಗಲಿ ಎಂದು ನಿಂತೆವು.