ಮಿಸ್ ಮೇಲೆ ಕಾಲಿಡುವುದು

ರಾಜಾಜಿನಗರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ನಾನು ಡ್ರಿಲ್ ಮಿಸ್ ಆಗಿ ಸೇರಿದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಕೆಲಸ ತಾತ್ಕಾಲಿಕ. ಕಾಯಂ ಮಾಡುವ ಮಾತು ತೆಗೆದಾಗಲೆಲ್ಲ ಹೆಡ್‌ಮಿಸ್, "ಸ್ಕೂಲ್ ಡೇ ಆಗ್ಲಿ, ನಿಮ್ಮ ಐಟಂ ನೋಡೋಣ" ಎನ್ನುತ್ತಿದ್ದರು. ನನ್ನ ಹಣೆಬರಹ ಐದನೇ ಕ್ಲಾಸಿನ ಹುಡುಗಿಯರ ಕೈಯಲ್ಲಿತ್ತು.

ಐಟಂ ಅಂದರೆ ಜೋಡಿ ಬ್ಯಾಲೆನ್ಸ್. ಒಬ್ಬಳು ಇಲ್ಲದ ಕುರ್ಚಿಯಲ್ಲಿ ಕೂತಂತೆ ಮಂಡಿ ಮಡಿಸಿ ನಿಲ್ಲಬೇಕು. ಇನ್ನೊಬ್ಬಳು ಅವಳ ತೊಡೆಗಳ ಮೇಲೆ ಹತ್ತಿ, ಎದುರುಬದುರಾಗಿ ಕೈ ಹಿಡಿದು ನಿಲ್ಲಬೇಕು. ಇಬ್ಬರೂ ಹಿಂದಕ್ಕೆ ವಾಲಿದರೆ ಒಬ್ಬರ ಭಾರ ಇನ್ನೊಬ್ಬರನ್ನು ಹಿಡಿದು ನಿಲ್ಲಿಸುತ್ತದೆ. ಸೀಟಿ ಊದಿದರೆ ಹತ್ತುವುದು, ಮತ್ತೆ ಊದಿದರೆ ವಾಲುವುದು, ಇನ್ನೊಮ್ಮೆ ಊದಿದರೆ ಇಳಿಯುವುದು. ಟ್ರೈನಿಂಗ್ ಕಾಲೇಜಿನವರು ಇದನ್ನೆಲ್ಲ ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಮನೆಯಲ್ಲಿ ಏನು ಕಲಿಸಿರುತ್ತಾರೆ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಹೊಸಹಳ್ಳಿಯ ಗೌಡರ ಮನೆಯ ಹುಡುಗಿಯಾಗಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುವ ಅಂಗಡಿಯವರ ಮಗಳಾಗಲಿ, ಈ ವಿಷಯದಲ್ಲಿ ಎಲ್ಲರೂ ಒಂದೇ. ಮೇಲಿನವಳ ಪಾದ ತೊಡೆಗೆ ತಾಗಿದ್ದೇ ತಡ, ಅವಳ ಕೈ ಗೆಳತಿಯ ಕೈ ಬಿಟ್ಟು, ತೊಡೆ ಮುಟ್ಟಿ, ಸರಕ್ಕನೆ ಕಣ್ಣಿಗೆ ಹೋಗುತ್ತಿತ್ತು. ಮರುಕ್ಷಣ ಇಬ್ಬರೂ ಜಮಖಾನದ ಮೇಲೆ. ಬೀಳುವಾಗ ಪಕ್ಕದವಳಿಗೂ ಕಾಲು ತಾಗಿರುತ್ತಿದ್ದರಿಂದ ಬಿದ್ದಲ್ಲಿಂದಲೇ ಅವಳಿಗೂ ಒಂದು ನಮಸ್ಕಾರ.

ನನಗೋ ಮೂಗಿನ ತುದಿಯಲ್ಲೇ ಕೋಪ. ಗದರಿಸಿದೆ, ಮೈದಾನ ಸುತ್ತಿಸಿದೆ. ಕೊನೆಗೆ ಸೋತು, "ಹತ್ತೋಕ್ ಮುಂಚೇನೇ ಅಡ್ವಾನ್ಸಾಗಿ ಮಾಡ್ಕೊಂಬಿಡ್ರೇ" ಎಂದೆ. ಮಾಡಿದರು. ಹತ್ತಿದ ಮೇಲೆ, ಯಾವುದಕ್ಕೂ ಇರಲಿ ಎಂದು, ಇನ್ನೊಮ್ಮೆ ಮಾಡಿದರು. ಸ್ಕೂಲ್ ಡೇ ಹತ್ತಿರ ಬರುವ ಹೊತ್ತಿಗೆ ಹೇಗೋ ಇಳಿಯುವ ತನಕ ತಡೆದುಕೊಳ್ಳುವುದನ್ನು ಕಲಿತರು. ಇಳಿದ ಮೇಲೆ ಏನಾದರೂ ಮಾಡಿಕೊಳ್ಳಲಿ ಎಂದು ನಾನೂ ಸುಮ್ಮನಾದೆ.

ಸ್ಕೂಲ್ ಡೇ ದಿನ ಬೆಳಿಗ್ಗೆ, ಮಧ್ಯದ ಜೋಡಿಯಲ್ಲಿ ಕೆಳಗೆ ನಿಲ್ಲುವ ಹುಡುಗಿಗೆ ಮಂಗಬಾವು ಎಂದು ಸುದ್ದಿ ಬಂತು. ಬೇರೆ ದಾರಿ ಕಾಣದೆ ಅವಳ ಜಾಗದಲ್ಲಿ ನಾನೇ ನಿಂತೆ. ಸ್ಟಾಫ್ ರೂಮಿನವರು ಆಡಿಕೊಳ್ಳುತ್ತಿದ್ದ ನನ್ನ ಪಂಜಾಬಿ ಡ್ರೆಸ್ಸು ಅವತ್ತು ಉಪಯೋಗಕ್ಕೆ ಬಂತು. ಬಾಯಲ್ಲಿದ್ದ ಸೀಟಿ ಊದಿದೆ. ಅಕ್ಕಪಕ್ಕದ ಜೋಡಿಗಳೆಲ್ಲ ಹತ್ತಿದವು. ನನ್ನ ಜೊತೆಯವಳು ಮಾತ್ರ ಕದಲಲಿಲ್ಲ.

"ಹತ್ತೇ" ಎಂದೆ, ಸೀಟಿ ಹಲ್ಲಲ್ಲಿ ಕಚ್ಚಿಕೊಂಡೇ.

"ನಿಮ್ಮ ಮೇಲಾ ಮಿಸ್? ಶಿವಶಿವಾ, ಆಗಲ್ಲ."

"ಎಲ್ಲಾರೂ ನೋಡ್ತಾ ಇದಾರೆ ಕಣೇ."

ಅವಳು ಸ್ವಲ್ಪ ಯೋಚಿಸಿ, "ನಾನು ಕೆಳಗಿರ್ತೀನಿ, ನೀವೇ ಹತ್ತಿ ಮಿಸ್" ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಡ್‌ಮಿಸ್ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಅರ್ಧ ಕೂತ ನನ್ನ ಕಾಲುಗಳು ಆಯಾಸಕ್ಕೋ ಭಯಕ್ಕೋ ಗಡಗಡ ನಡುಗುತ್ತಿದ್ದವು.

"ನೋಡು, ನನ್ ಕಾಲು ನಡುಗ್ತಾ ಇದೆ. ನೀನು ಹತ್ತಿದ್ರೇನೇ ನಿಲ್ಲೋದು" ಎಂದೆ.

ಆ ಮಾತಿಗೆ ಕರಗಿ ಹತ್ತಿದಳು. ಆದರೆ ನನಗೆ ಭಾರವಾಗಬಾರದೆಂದು ಉಸಿರು ಬಿಗಿಹಿಡಿದು ನೆಟ್ಟಗೆ ನಿಂತುಬಿಟ್ಟಳು. ಇಬ್ಬರೂ ಮೆಲ್ಲಗೆ ಒಂದೇ ಕಡೆಗೆ ಓಲತೊಡಗಿದೆವು.

"ಹಿಂದಕ್ಕೆ ವಾಲು. ಭಾರ ಬಿಡೇ."

"ನೋವಾಗಲ್ವಾ ಮಿಸ್?"

"ಆಗುತ್ತೆ. ಬಿಡು."

ವಾಲುವ ಸೀಟಿ ಊದಿದೆ. ಅವಳು ಕಣ್ಣು ಮುಚ್ಚಿ ವಾಲಿದಳು. ನನ್ನ ಕಾಲಿನ ನಡುಕ ನಿಂತಿತು. ಚಪ್ಪಾಳೆ ಶುರುವಾಯಿತು. ಅದು ಅಡಗಿದ ಮೇಲೆ ಹೆಡ್‌ಮಿಸ್ ಪಕ್ಕದವರಿಗೆ, "ನಮ್ಮ ಡ್ರಿಲ್ ಮಿಸ್ಸು. ಜೂನ್‌ನಿಂದ ಕಾಯಂ ಮಾಡ್ತಾ ಇದೀವಿ" ಎನ್ನುವುದು ಸ್ಟೇಜಿನ ತನಕ ಕೇಳಿಸಿತು. ಅಷ್ಟು ಖುಷಿ ನನಗೆ ಮದುವೆ ಗೊತ್ತಾದಾಗಲೂ ಆಗಲಿಲ್ಲ.

ಇಳಿಯುವ ಸೀಟಿ ಊದಿದೆ. ಸಾಲಿನಲ್ಲಿ ಮೇಲಿದ್ದ ಅಷ್ಟೂ ಹುಡುಗಿಯರು ಇಳಿದು, ಕೆಳಗಿದ್ದವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನನ್ನವಳೂ ಧುಮುಕಿದಳು. ನಾನು ಗಂಭೀರವಾಗಿ ಕಾಯುತ್ತ ನಿಂತೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ, "ಅಮ್ಮಾ, ನಾನು ಮಿಸ್ ಮೇಲೆ ನಿಂತಿದ್ದೆ" ಎಂದು ಕೂಗಿಕೊಂಡು ಸ್ಟೇಜಿನಿಂದ ಓಡಿಹೋದಳು. ಅಷ್ಟು ದಿನ ಬೈದು ಬಿಡಿಸಲು ನೋಡಿದ್ದ ಅಭ್ಯಾಸ ಕೊನೆಗೂ ಒಬ್ಬಳಿಗಾದರೂ ಬಿಟ್ಟುಹೋಗಿತ್ತು, ಮತ್ತು ನನಗೆ ಬಹಳ ಬೇಜಾರಾಯಿತು.