ಭಾವನ ಕಣ್ಣಿಗೆ ಬೀಳದ ಐಸು

ಫ್ರಿಜ್ ರಿಪೇರಿಗೆಂದು ಫೋನ್ ಬಂದರೆ ಭಾವ ಹೇಳುತ್ತಿದ್ದುದು ಒಂದೇ ಮಾತು: "ಅಮ್ಮಾ, ಫ್ರಿಜ್ ಮುಟ್ಬೇಡಿ. ಐಸ್ ಹೇಗಿದೆಯೋ ಹಾಗೇ ಇರ್ಲಿ, ನಾನು ಬಂದು ನೋಡ್ತೀನಿ."

ಯಾರು ಕೇಳಬೇಕು? ರಿಪೇರಿಯವನು ಬರುತ್ತಾನೆಂದರೆ ಮನೆಯವರಿಗೆ ಮರ್ಯಾದೆಯ ಪ್ರಶ್ನೆ. ಸ್ವಿಚ್ ಆರಿಸಿ, ಐಸ್ ಕರಗಿಸಿ, ಒಳಗೆಲ್ಲ ಒರೆಸಿ ಥಳಥಳ ಮಾಡಿರುತ್ತಿದ್ದರು. "ಕಳ್ಳತನ ಆದ ಮನೇನ ಪೊಲೀಸರು ಬರೋ ಮೊದ್ಲೇ ತೊಳೆದಿಟ್ಟ ಹಾಗಾಯ್ತು" ಎಂದು ಭಾವ ತಲೆ ಚಚ್ಚಿಕೊಳ್ಳುತ್ತಿದ್ದರು.

ಫ್ರೀಜರಿನ ಹಿಂಬದಿಯ ಹಲಗೆ ಬಿಚ್ಚಿದರೆ ಕೊಳವೆಗಳ ಸುರುಳಿ. ಮಂಜು ಒಂದೇ ಮೂಲೆಯಲ್ಲಿದ್ದರೆ ಗ್ಯಾಸ್ ಕಡಿಮೆ. ಉದ್ದಕ್ಕೂ ಒಂದೇ ಸಮ ಬೆಳ್ಳಗೆ ಕಟ್ಟಿದ್ದರೆ, ಅದನ್ನು ಆಗಾಗ ಕರಗಿಸಬೇಕಾದ ಹೀಟರೋ ಟೈಮರೋ ಕೈಕೊಟ್ಟಿದೆ. ಗಾಳಿಯ ದಾರಿ ಮುಚ್ಚಿ, ಮೇಲೆ ಐಸ್ ಇದ್ದರೂ ಕೆಳಗಿನದೆಲ್ಲ ಬೆಚ್ಚಗಾಗುತ್ತದೆ. ಭಾವನಿಗೆ ಇದು ಒಂದು ನೋಟದ ಕೆಲಸ. ಆದರೆ ನೋಡಲು ಐಸ್ ಇರಬೇಕಲ್ಲ!

ಅವರ ಹೆಂಡತಿ, ಅಂದರೆ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ತಿಂಗಳುಗಟ್ಟಲೆ ಆಗುವಷ್ಟು ಸೀಸೆಗಳು ಅವರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ಇರುತ್ತಿದ್ದವು. ಭಾವ ಮಾತ್ರ ಆ ಬಾಗಿಲು ತೆಗೆದವರಲ್ಲ. ದಿನವಿಡೀ ತಣ್ಣನೆಯದನ್ನೇ ಮುಟ್ಟಿ ಬಂದವರಿಗೆ ಮನೆಯಲ್ಲಿ ಬಿಸಿನೀರೇ ಬೇಕು.

ಈ ಬೇಸಿಗೆಯಲ್ಲಿ ಅಕ್ಕನ ಸಕ್ಕರೆ ಏರುತ್ತಲೇ ಹೋಯಿತು. ಡಾಕ್ಟರು ಮದ್ದಿನ ಪ್ರಮಾಣ ಎರಡು ಸಲ ಹೆಚ್ಚಿಸಿದರು. "ಕದ್ದು ಸಿಹಿ ತಿಂತಿದ್ದೀಯೇನೇ ಅಕ್ಕಾ?" ಎಂದು ನಾನು ಎಲ್ಲರ ಮುಂದೆ ಬೈದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಇಲ್ಲವೆಂದಳು. ನಾನು ನಂಬಲಿಲ್ಲ. ನನ್ನ ಆ ನಾಲಿಗೆಗೆ ಏನು ಶಿಕ್ಷೆ ಕೊಟ್ಟರೂ ಸಾಲದು.

ಚಪ್ಪಲಿ ಕಚ್ಚಿದ ಹಿಮ್ಮಡಿಯ ಗಾಯ ಕಪ್ಪಾಗಿ, ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನ ಬಟ್ಟೆ ತರಲು ನಾನೂ ಭಾವನೂ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಒಡೆದ ಹಾಲಿನ ವಾಸನೆ. ಭಾವ ಫ್ರಿಜ್ಜಿಗೆ ಕೈ ಹಾಕಿದರು. ಒಳಗೆ ಬೆಚ್ಚಗಿತ್ತು. ಸ್ಕ್ರೂ ಬಿಚ್ಚಿ ಹಲಗೆ ತೆಗೆದರು. ಈ ತುದಿಯಿಂದ ಆ ತುದಿಗೆ ಒಂದೇ ಸಮ ಬಿಳುಪು.

ಹೀಟರ್ ಬದಲಿಸಿ, ಒಂದು ಇನ್ಸುಲಿನ್ ಸೀಸೆ ಜೇಬಿಗಿಟ್ಟುಕೊಂಡು ಆಸ್ಪತ್ರೆಗೆ ಹೊರಟರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಿಸಿ ತಾಗಿದ್ರೆ ಇದು ನೀರು ಚುಚ್ಚಿಕೊಂಡ ಹಾಗೇನೇ" ಎಂದರು. ನಾಳೆ ಬೆಳಿಗ್ಗೆ ಮೊಣಕಾಲ ಕೆಳಗೆ ಕಾಲು ಕತ್ತರಿಸಲೇಬೇಕು ಎಂದೂ ಹೇಳಿದರು. ಅಕ್ಕನಿಗೆ ಅದಿನ್ನೂ ಗೊತ್ತಿರಲಿಲ್ಲ.

ಮಂಚದ ಪಕ್ಕ ಕೂತು ಭಾವ ಮೆಲ್ಲಗೆ ಕೇಳಿದರು, "ಫ್ರಿಜ್ಜಲ್ಲಿ ಐಸ್ ಕಟ್ತಿತ್ತೇನೇ?"

"ಅಯ್ಯೋ, ಆರು ತಿಂಗ್ಳಿಂದ ರೀ. ಎರಡು ದಿನಕ್ಕೊಂದ್ಸಲ ಸ್ವಿಚ್ ಆರಿಸಿ, ಸಾಮಾನೆಲ್ಲ ಒಳಗೇ ಬಿಟ್ಟು, ಕುದಿಯೋ ನೀರಿನ ಪಾತ್ರೆ ಮೇಲೊಂದು ಕೆಳಗೊಂದು ಇಟ್ಟು ಬಾಗ್ಲು ಹಾಕ್ತಿದ್ದೆ. ನೀವು ಬರೋಷ್ಟರಲ್ಲಿ ಒರೆಸಿ ಮುಗಿಸ್ತಿದ್ದೆ. ಕಂಡೋರ ಫ್ರಿಜ್ ಬಿಚ್ಚಿ ಬಿಚ್ಚಿ ಸುಸ್ತಾಗಿ ಬರ್ತೀರಿ, ಮನೇದೂ ಒಂದು ಯಾಕೆ ಅಂತ."

ನಾನು ಬಾಯಿ ತೆರೆದೆ. ಭಾವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಅದುಮಿದರು.

"ಏನಾಗಿತ್ತು ಅದಕ್ಕೆ?" ಅಕ್ಕ ಕೇಳಿದಳು.

"ಏನಿಲ್ಲ. ಹೀಟರ್ ಹೋಗಿತ್ತು. ಅರ್ಧ ಗಂಟೆ ಕೆಲ್ಸ."

"ಅಷ್ಟೇನಾ?" ಅಕ್ಕ ನಕ್ಕಳು. "ಅಷ್ಟಕ್ಕೆ ನಿಮಗೆ ತೊಂದ್ರೆ ಕೊಡ್ದೇ ಇದ್ದದ್ದು ಒಳ್ಳೇದೇ ಆಯ್ತು ಬಿಡಿ."